ಮಟಿಲ್ಡೆ ಅನ್ನೆಕೆ ಪತ್ರಗಳು: ಕುರೆಂಟ್ ಲಿಪಿ, ಇಬ್ಬರು ಮೇರಿ ಬೂತ್, ಜೊತೆಗೆ ನೀನು–ನೀವು ತಲೆನೋವು

ಹಳೇಓಲೆ (ಪ್ರಶ್ನೆ):

ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿ, ಅಲ್ಲಿ ಹೆಂಗಸರ ಮತದ ಹಕ್ಕಿಗಾಗಿ ದುಡಿದವರ ಪತ್ರವ್ಯವಹಾರದ ಬಗ್ಗೆ ಒಂದು ದೀರ್ಘ ಲೇಖನ, ಜೊತೆಗೆ ಹತ್ತು-ಹನ್ನೆರಡು ಪತ್ರಗಳ ಕನ್ನಡ ಅನುವಾದ ಸಿದ್ಧವಾಗಬೇಕಿದೆ. ನಡುವೆ ಇರುವವರು ಮಟಿಲ್ಡೆ ಫ್ರಾನ್ಸಿಸ್ಕಾ ಅನ್ನೆಕೆ (1817–1884). ಸುತ್ತ ಮೇರಿ ಬೂತ್, ಅರ್ನೆಸ್ಟೈನ್ ರೋಸ್, ಡಾ. ಮಾರಿ ಜಕ್ಷೆಫ್ಸ್ಕಾ, ಸುಸಾನ್ ಆಂಟನಿ.

ಅಚ್ಚಾದ ಜರ್ಮನ್ ಓದುವುದಕ್ಕೆ ತೊಂದರೆಯಿಲ್ಲ. ಕೈಬರಹದ ಸ್ಕ್ಯಾನ್ ತೆರೆದರೆ ಮಾತ್ರ ಸಾಲುಸಾಲೂ ಬೇಲಿಗೂಟ ನೆಟ್ಟ ಹಾಗೆ ಕಾಣುತ್ತದೆ. ಎಷ್ಟೋ ಪತ್ರಗಳಲ್ಲಿ ತಾರೀಖಿದೆ, ಇಸವಿ ಇಲ್ಲ. ಮೇರಿ ಬೂತ್ ಎಂದು ಹುಡುಕಿದರೆ ಒಂದು ಕಡೆ ವಿಸ್ಕಾನ್ಸಿನ್ನಿನ ಕವಯಿತ್ರಿ, ಇನ್ನೊಂದು ಕಡೆ ನ್ಯೂಯಾರ್ಕಿನ ಸಂಪಾದಕಿ ಎಂದು ಬರುತ್ತದೆ. ಒಬ್ಬರೇನಾ? ಕೊನೆಯದು, ಮಟಿಲ್ಡೆ–ಮೇರಿ ನಡುವಿನ ಒಕ್ಕಣೆ ತುಂಬ ಭಾವುಕ. ಅದನ್ನು ಗೆಳೆತನ ಎನ್ನಬೇಕೋ ಪ್ರೇಮ ಎನ್ನಬೇಕೋ, ಕನ್ನಡದಲ್ಲಿ ನೀನು ಹಾಕಬೇಕೋ ನೀವು ಹಾಕಬೇಕೋ?

ಶಾಯಿಕುಡಿಕೆ:

ಲಿಪಿಯ ಭಾಗಕ್ಕೆ ಉತ್ತರಿಸುತ್ತೇನೆ, ಉಳಿದದ್ದನ್ನು ಬಲ್ಲವರು ಹೇಳಲಿ.

ಆ ಬೇಲಿಗೂಟದ ಹೆಸರೇ ಕುರೆಂಟ್, ಹಳೇ ಜರ್ಮನ್ ಕೈಬರಹ. ಅದರಲ್ಲಿ 'ಇ' (e) ಅಕ್ಷರಕ್ಕೂ 'ಎನ್' (n) ಅಕ್ಷರಕ್ಕೂ ಎರಡೆರಡು ಗೀಟು. 'ಇ' ಗೀಟುಗಳು ಒತ್ತೊತ್ತಾಗಿರುತ್ತವೆ, 'ಎನ್' ಗೀಟುಗಳ ನಡುವೆ ಜಾಗವಿರುತ್ತದೆ. 'ಯು' ಕೂಡ 'ಎನ್' ಹಾಗೆಯೇ, ಆದರೆ ನೆತ್ತಿಯ ಮೇಲೆ ಒಂದು ಸಣ್ಣ ಕಮಾನು ಇರುತ್ತದೆ. ಆ ಕಮಾನು ಕಂಡರೆ 'ಯು', ಜೋಡಿ ಚುಕ್ಕಿ ಕಂಡರೆ ಉಮ್‌ಲೌಟ್, ಅಂದರೆ ಸ್ವರ ಬದಲಾಗುವ ಗುರುತು. 'ಎಂ' ಅಥವಾ 'ಎನ್' ಮೇಲೆ ಅಡ್ಡಗೆರೆ ಎಳೆದಿದ್ದರೆ ಅದು ಒತ್ತಕ್ಷರ, ಎರಡು ಸಲ ಓದಿಕೊಳ್ಳಿ. 'ಎಸ್' ಎರಡು ಬಗೆ: ಪದದ ಮೊದಲಲ್ಲೂ ನಡುವಲ್ಲೂ ಉದ್ದದ್ದು, ಕೊನೆಯಲ್ಲಿ ಗುಂಡನೆಯದು. ಪದದ ಕೊನೆಯ 'ಇ-ಎನ್' (-en) ಪ್ರತ್ಯಯವನ್ನು ಅವಸರದಲ್ಲಿ ಬರೆಯುವವರು ಒಂದು ಬಾಲವಾಗಿ ಎಳೆದುಬಿಡುತ್ತಾರೆ. ಮೋಡಿ ಅಕ್ಷರ ಓದಿ ಅಭ್ಯಾಸವಿದ್ದರೆ ಇದು ಹೊಸದೆನಿಸುವುದಿಲ್ಲ, ಅಕ್ಷರ ಬಿಡಿಸುವುದಕ್ಕಿಂತ ಪದದ ಒಟ್ಟು ಆಕಾರ ಹಿಡಿಯುವುದೇ ಇಲ್ಲೂ ಜಾಣತನ.

ಶುರು ಮಾಡುವುದಕ್ಕೆ ಒಂದು ಕಿಟಕಿ ಇದೆ. ಕುರೆಂಟ್‌ನಲ್ಲಿ ಬರೆಯುವವರು ಹೆಸರು, ಊರು, ಇಂಗ್ಲಿಷ್–ಫ್ರೆಂಚ್ ಪದ ಬಂದಾಗ ಸಾಮಾನ್ಯವಾಗಿ ರೋಮನ್ ಅಕ್ಷರಕ್ಕೆ ಜಿಗಿಯುತ್ತಾರೆ. ಪುಟದಲ್ಲಿ ಅವನ್ನು ಮೊದಲು ಗುರುತುಹಾಕಿ. ಆಮೇಲೆ ಒಕ್ಕಣೆಯ ಮೊದಲ ಸಾಲು, ಕೊನೆಯ ಸಾಲು. ಅವು ಪತ್ರದಿಂದ ಪತ್ರಕ್ಕೆ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಆ ಕೈಯ ಅಕ್ಷರಮಾಲೆ ಅಲ್ಲೇ ಅರ್ಧ ಸಿಗುತ್ತದೆ. ಎರಡು ವಾರ ದಿನಕ್ಕೆ ಇಪ್ಪತ್ತು ನಿಮಿಷ ನೀವೇ ಕುರೆಂಟ್ ಬರೆಯಿರಿ. ಲೇಖನಿ ಎಲ್ಲಿ ಏಳುತ್ತದೆ, ಎಲ್ಲಿ ತಿರುಗುತ್ತದೆ ಎಂಬುದು ಕೈಗೆ ಗೊತ್ತಾದ ಮೇಲೆ ಕಣ್ಣಿಗೂ ಹೊಳೆಯುತ್ತದೆ. ಬರೀ ಪಟ್ಟಿ ನೋಡಿಕೊಂಡು ಕಲಿಯಲು ಹೊರಟವರು ಮೂರನೇ ಪುಟದಲ್ಲಿ ಕೈಬಿಡುತ್ತಾರೆ.

ಕಾಗುಣಿತ 1901ರ ಸುಧಾರಣೆಗೆ ಹಿಂದಿನದು. ಇಂದು ಬರೀ 'ಟಿ' ಇರುವ ಕಡೆ 'ಟಿ-ಎಚ್', 'ಕೆ' ಇರುವ ಕಡೆ 'ಸಿ' ಕಂಡರೆ ಅದು ತಪ್ಪಲ್ಲ, ತಿದ್ದಬೇಡಿ. ತಿಂಗಳ ಹೆಸರಿನಲ್ಲಿ ಹುಷಾರು: '7ಬರ್' ಎಂದರೆ ಏಳನೇ ತಿಂಗಳಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ಇದನ್ನು ಜುಲೈ ಎಂದು ಓದಿ ಪತ್ರಗಳ ಸಾಲನ್ನೇ ತಿರುವುಮುರುವು ಮಾಡಿದ ಪಟ್ಟಿಗಳಿವೆ.

ಕೈಬರಹ ಓದುವ ತಂತ್ರಾಂಶ ಟ್ರಾನ್ಸ್‌ಕ್ರಿಬುಸ್ ಬಳಸಬಹುದು. ಅದರ ಸಿದ್ಧ ಜರ್ಮನ್ ಕೈಬರಹ ಮಾದರಿಗಳು ಸಾಮಾನ್ಯ ವಾಕ್ಯಗಳನ್ನು ಚೆನ್ನಾಗಿ ಹಿಡಿಯುತ್ತವೆ, ಎಡವುವುದು ಹೆಸರುಗಳಲ್ಲಿ ಮತ್ತು ಇಂಗ್ಲಿಷ್ ಬೆರೆತ ಸಾಲುಗಳಲ್ಲಿ. ಅಂದರೆ ನಿಮಗೆ ಬೇಕಾದ ಜಾಗದಲ್ಲೇ. ಒಬ್ಬರ ಕೈಗೆಂದೇ ಹೊಸ ಮಾದರಿ ತರಬೇತು ಮಾಡುವುದಕ್ಕೆ ಸುಮಾರು 5,000ದಿಂದ 15,000 ಪದಗಳ ಶುದ್ಧ ಪ್ರತಿ ಬೇಕು. ಹನ್ನೆರಡು ಪತ್ರಕ್ಕೆ ಅದು ದಂಡ, ಕೈಯಲ್ಲೇ ಓದಿ. ಕಾಗದ ತೆಳು, ಹಿಂಬದಿಯ ಶಾಯಿ ಮುಂದೆ ಮೂಡುತ್ತದೆ. ನೀವೇ ಚಿತ್ರ ತೆಗೆಯುವುದಾದರೆ ಹಾಳೆಯ ಹಿಂದೆ ಕಪ್ಪು ಕಾಗದ ಇಡಿ, ಬಿಳಿ ಇಟ್ಟರೆ ಹಿಂಬದಿ ಇನ್ನೂ ಎದ್ದು ಕಾಣುತ್ತದೆ. ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ ಬರೆದ ಪತ್ರಗಳೂ ಬರುತ್ತವೆ. ಅಂಥ ಪುಟದ ಎರಡು ಪ್ರತಿ ಮಾಡಿ, ಒಂದನ್ನು 90 ಡಿಗ್ರಿ ತಿರುಗಿಸಿ, ಒಂದೊಂದನ್ನೂ ಬೇರೆ ಪುಟವೆಂದೇ ಓದಿ. ತಂತ್ರಾಂಶಕ್ಕೆ ಹಾಗೇ ಕೊಟ್ಟರೆ ಎರಡೂ ಸಾಲು ಕಲಸಿ ಹಿಟ್ಟು ಮಾಡುತ್ತದೆ.

ಹಳೇ ಪತ್ರಿಕೆಗಳಲ್ಲಿ ಹುಡುಕುವಾಗ ಒಂದು ಕಿವಿಮಾತು: ಫ್ರಾಕ್ಟುರ್ ಎಂಬ ಹಳೇ ಜರ್ಮನ್ ಅಚ್ಚನ್ನು ಯಂತ್ರ ಓದುವಾಗ 'ಯು'ವನ್ನು 'ಎನ್' ಎಂದೂ ಉದ್ದ 'ಎಸ್' ಅನ್ನು 'ಎಫ್' ಎಂದೂ ಹಿಡಿಯುತ್ತದೆ. ಹೆಂಗಸರು ಎನ್ನುವ 'ಫ್ರೌಎನ್' ಪದ 'ಫ್ರಾನೆನ್' ಆಗಿ ಕೂತಿರುತ್ತದೆ. ಆ ತಪ್ಪು ಕಾಗುಣಿತವನ್ನೂ ಹಾಕಿ ಹುಡುಕಿ.

ಅಂಚೆಮುದ್ರೆ:

ಇಸವಿ ಇಲ್ಲದ ಪತ್ರಕ್ಕೆ ವಾರ ಹುಡುಕಿ. ಉದಾಹರಣೆಗೆ, ಪತ್ರದ ಮೇಲೆ "ಗುರುವಾರ, ಏಪ್ರಿಲ್ 3" ಎಂದಷ್ಟೇ ಇದೆ ಅಂದುಕೊಳ್ಳಿ (ಅದು ಅನ್ನೆಕೆ ಹುಟ್ಟಿದ ದಿನವೂ ಹೌದು). ಏಪ್ರಿಲ್ 3 ಗುರುವಾರ ಬೀಳುವುದು 1856ರಲ್ಲಿ ಮತ್ತು 1862ರಲ್ಲಿ. ನಡುವೆ ಯಾವ ವರ್ಷದಲ್ಲೂ ಇಲ್ಲ. 1856ರಲ್ಲಿ ಅವರಿದ್ದದ್ದು ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿ, 1862ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಪತ್ರದೊಳಗೆ ಒಂದು ಬೆಟ್ಟವೋ ಸರೋವರವೋ ಬಂದರೆ ಮುಗಿಯಿತು. ವಾರವೂ ಇಲ್ಲದಿದ್ದರೆ "ನಿಮ್ಮ 5ನೇ ತಾರೀಖಿನ ಪತ್ರ ತಲುಪಿತು" ಎಂಬಂಥ ಮಾತುಗಳನ್ನು ಒಂದು ಹಾಳೆಗೆ ಇಳಿಸಿ ಸರಪಳಿ ಕಟ್ಟಿ. ಅಟ್ಲಾಂಟಿಕ್ ದಾಟುವುದಕ್ಕೆ ಎರಡು-ಮೂರು ವಾರ ಹಿಡಿಯುತ್ತಿತ್ತು, ಪತ್ರಗಳು ಹಡಗಿನಲ್ಲೇ ಒಂದನ್ನೊಂದು ದಾಟುತ್ತಿದ್ದವು. ಹಾಗಾಗಿ ಒಂದು ಪತ್ರ ಅದರ ಹಿಂದಿನದಕ್ಕೆ ಉತ್ತರವಲ್ಲ, ಎಷ್ಟೋ ಸಲ ಅದರಾಚೆಯದಕ್ಕೆ. ಇದು ಮರೆತರೆ ಸುಮ್ಮನೆ ಇಲ್ಲದ ಜಗಳ, ಇಲ್ಲದ ಮುನಿಸು ಕಾಣತೊಡಗುತ್ತದೆ.

ಅಂಚೆ ದರವೂ ಪತ್ರದ ಆಕಾರವನ್ನು ತೀರ್ಮಾನಿಸುತ್ತಿತ್ತು. 1850ರ ದಶಕದ ನಡುವಿನಲ್ಲಿ ಅಮೆರಿಕದೊಳಗೆ ಅರ್ಧ ಔನ್ಸಿಗೆ, ಅಂದರೆ ಸುಮಾರು 14 ಗ್ರಾಮಿಗೆ, 3 ಸೆಂಟು. ಅದೇ ತೂಕ ಪ್ರಷ್ಯನ್ ಅಂಚೆಯ ದಾರಿಯಲ್ಲಿ ಜರ್ಮನ್ ನಾಡುಗಳಿಗೆ ಹೋಗಬೇಕಾದರೆ 30 ಸೆಂಟು. ಹತ್ತು ಪಟ್ಟು! 1875ರಲ್ಲಿ ದೇಶದೇಶಗಳ ನಡುವಿನ ಅಂಚೆ ಒಕ್ಕೂಟ ಜಾರಿಗೆ ಬಂದ ಮೇಲೆ ಅದು 5 ಸೆಂಟಿಗೆ ಇಳಿಯಿತು. ಅದಕ್ಕೂ ಮುಂಚಿನ ಕಾಲದಲ್ಲಿ ಒಂದೇ ಲಕೋಟೆಯಲ್ಲಿ ಮೂವರಿಗೆ ಒಳಪತ್ರ ಸೇರಿಸುವುದು, ಅಂಚಿನಲ್ಲಿ ಮಕ್ಕಳು ಎರಡು ಸಾಲು ಗೀಚುವುದು ಮಾಮೂಲು. ಪುಟದ ನಡುವೆ ಸಂಬೋಧನೆ ಥಟ್ಟನೆ ಬದಲಾದರೆ ಬರೆದವರ ಮನಸ್ಸು ಬದಲಾಯಿತೆಂದು ವ್ಯಾಖ್ಯಾನ ಬರೆಯಬೇಡಿ, ಓದುವವರು ಬದಲಾಗಿದ್ದಾರೆ ಅಷ್ಟೆ.

ಅಮೆರಿಕದ ಅಂತರ್ಯುದ್ಧ ಕಾಲದ ಜ್ಯೂರಿಕ್ ಪತ್ರಗಳಲ್ಲಿ ಹಣದ ಗೋಳು ವಿಪರೀತ. ಅದು ಬರೀ ಬಡತನದ ಗೋಳಲ್ಲ, ವಿನಿಮಯದ ಗೋಳು. ಅಮೆರಿಕದ ಕಾಗದದ ಡಾಲರು ಚಿನ್ನದ ಎದುರು ಕುಸಿಯುತ್ತಿತ್ತು, 1864ರ ಜುಲೈನಲ್ಲಿ ಅತಿ ಕೆಳಗಿದ್ದಾಗ 100 ಕಾಗದದ ಡಾಲರಿಗೆ ಸಿಗುತ್ತಿದ್ದದ್ದು ಸುಮಾರು 35 ಡಾಲರಿನ ಚಿನ್ನ. ಯೂರೋಪಿನಲ್ಲಿ ಬಾಡಿಗೆ ಕಟ್ಟುವವರಿಗೆ ಲೆಕ್ಕಕ್ಕೆ ಬರುತ್ತಿದ್ದದ್ದು ಚಿನ್ನ. ಅನುವಾದದಲ್ಲಿ ಡಾಲರ್ ಬಂದಲ್ಲೆಲ್ಲ ಯಾವ ಡಾಲರ್, ಯಾವ ತಿಂಗಳು ಎಂದು ಟಿಪ್ಪಣಿ ಹಾಕಿ.

ಕಡತಗುಬ್ಬಿ:

ಇಬ್ಬರು ಮೇರಿ ಬೂತ್ ಬೇರೆ ಬೇರೆ. ಇದರಲ್ಲಿ ಎಡವುವವರು ಬಹಳ, ಏಕೆಂದರೆ ಇಬ್ಬರಿಗೂ ಒಬ್ಬೊಬ್ಬ ಜರ್ಮನ್ ಗೆಳತಿಯ ನಂಟಿದೆ.

ವಿಸ್ಕಾನ್ಸಿನ್ನಿನ ಮಿಲ್ವಾಕಿಯವರು ಮೇರಿ ಹಂಫ್ರಿ ಕಾರ್ಸ್ ಬೂತ್, ಕವಯಿತ್ರಿ. ಗಂಡ ಷರ್ಮನ್ ಬೂತ್, 1854ರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಜೋಶುವಾ ಗ್ಲೋವರ್‌ನನ್ನು ಜೈಲಿನಿಂದ ಬಿಡಿಸಿದ ಪ್ರಕರಣದಿಂದ ಹೆಸರಾದ ಪತ್ರಿಕಾ ಸಂಪಾದಕ. ಈ ಮೇರಿ 1860ರಲ್ಲಿ ಮಟಿಲ್ಡೆ ಜೊತೆ ಜ್ಯೂರಿಕ್‌ಗೆ ಹೋದರು, 1864ರಲ್ಲಿ ಕಾಯಿಲೆಯಲ್ಲೇ ಅಮೆರಿಕಕ್ಕೆ ಮರಳಿ 1865ರಲ್ಲಿ ತೀರಿಕೊಂಡರು. ನ್ಯೂಯಾರ್ಕಿನವರು ಮೇರಿ ಲೂಯಿಸ್ ಬೂತ್ (1831–1889), ಅನುವಾದಕಿ, 1867ರಲ್ಲಿ ಶುರುವಾದ ಹಾರ್ಪರ್ಸ್ ಬಜಾರ್ ಪತ್ರಿಕೆಯ ಮೊದಲ ಸಂಪಾದಕಿ. ಡಾ. ಜಕ್ಷೆಫ್ಸ್ಕಾ ತಮ್ಮ ಬದುಕಿನ ಕಥೆಯನ್ನು ದೀರ್ಘ ಪತ್ರವಾಗಿ ಬರೆದದ್ದು ಈ ಎರಡನೆಯವರಿಗೆ, 1860ರಲ್ಲಿ ಕ್ಯಾರೊಲಿನ್ ಡಾಲ್ ಅದನ್ನು ಪುಸ್ತಕವಾಗಿ ಹೊರತಂದರು. ಅನ್ನೆಕೆಯ ಮೇರಿಗೂ ಆ ಪತ್ರಕ್ಕೂ ಸಂಬಂಧವಿಲ್ಲ. ಸೂಚಿಯಲ್ಲಿ ಬರೀ 'ಮಿಸೆಸ್' ಅಥವಾ 'ಮಿಸ್' ನೋಡಿದರೂ ಸಾಕು: ನ್ಯೂಯಾರ್ಕಿನವರು ಮದುವೆಯಾಗಲಿಲ್ಲ.

ಅನ್ನೆಕೆ ಹೆಸರೂ ಒಂದೇ ರೀತಿಯಲ್ಲಿ ಸಿಗುವುದಿಲ್ಲ. ತವರಿನ ಹೆಸರು ಗೀಸ್ಲರ್, ಮೊದಲ ಮದುವೆಯ ಹೆಸರು ಫೊನ್ ಟಾಬುಯೊ (ಆ ಮದುವೆ ವಿಚ್ಛೇದನದಲ್ಲಿ ಮುಗಿಯಿತು), 1847ರಲ್ಲಿ ಫ್ರಿಟ್ಸ್ ಅನ್ನೆಕೆಯನ್ನು ಮದುವೆಯಾದ ಮೇಲಿನದು ಅನ್ನೆಕೆ. ಇಂಗ್ಲಿಷ್ ದಾಖಲೆಗಳಲ್ಲಿ ಕೊನೆಯ ಅಕ್ಷರಕ್ಕೆ ಫ್ರೆಂಚ್ ಚಿಹ್ನೆ ಹಾಕಿ "ಮೇಡಂ ಅನ್ನೆಕೇ" ಮಾಡಿರುತ್ತಾರೆ, ಫ್ರಾನ್ಸಿಸ್ಕಾ ಹೋಗಿ ಫ್ರಾನ್ಸೆಸ್ಕಾ ಆಗಿರುತ್ತದೆ. ಅಷ್ಟನ್ನೂ ಹಾಕಿ ಹುಡುಕಬೇಕು. ಮೂಲ ಕಾಗದಗಳು ಮ್ಯಾಡಿಸನ್ನಿನ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ, ಫ್ರಿಟ್ಸ್ ಮತ್ತು ಮಟಿಲ್ಡೆ ಇಬ್ಬರ ಹೆಸರಿನ ಸಂಗ್ರಹದಲ್ಲಿ. ಅಲ್ಲೇ 1940ರ ಒಂದು ಬೆರಳಚ್ಚು ಪ್ರತಿಯೂ ಇದೆ, ಮಗಳು ಹೆರ್ತಾ ನೆರವಿನಿಂದ ಸಿದ್ಧವಾದದ್ದು, ಇಂಗ್ಲಿಷಿನಲ್ಲಿ. ಓದಲು ಸಲೀಸು ಎಂಬ ಕಾರಣಕ್ಕೆ ಎಲ್ಲರೂ ಅದಕ್ಕೇ ಕೈಹಾಕುತ್ತಾರೆ. ದಾರಿತೋರುಗವಾಗಿ ಬಳಸಿ, ಮಾತನ್ನು ಉದ್ಧರಿಸುವಾಗ ಮಾತ್ರ ಮೂಲಕ್ಕೆ ಹೋಗಿ. ಮನೆಯವರು ಆರಿಸಿ ಅನುವಾದಿಸಿದ್ದು ಮನೆಯವರ ಆಯ್ಕೆಯೇ.

ಈಗ ನಿಮ್ಮ ಲೇಖನದ ಚೌಕಟ್ಟಿನ ಬಗ್ಗೆ ಒಂದು ಮಾತು. ಪತ್ರಗಳನ್ನು "ಚಳವಳಿಯ ಜೊತೆಗೆ ಇದ್ದ ಗೆಳೆತನ" ಎಂದು ಓದಬೇಡಿ. ಈ ಹೆಂಗಸರಿಗೆ ಗೆಳೆತನವೇ ಕಚೇರಿ, ಗೆಳೆತನವೇ ಖಜಾನೆ. ಪ್ರತಿ ಪತ್ರಕ್ಕೂ ಒಂದೇ ಪ್ರಶ್ನೆ ಹಾಕಿ: ಇಲ್ಲಿ ಯಾರು ಯಾರಿಗೆ ಏನು ಎರವಲು ಕೊಡುತ್ತಿದ್ದಾರೆ? ಬಹಳ ಸಲ ಅದು ಭಾಷೆ. 1853ರ ಸೆಪ್ಟೆಂಬರ್, ನ್ಯೂಯಾರ್ಕಿನ ಬ್ರಾಡ್‌ವೇ ಟ್ಯಾಬರ್ನಕಲ್ ಸಮಾವೇಶ. ಪುಂಡರ ಗದ್ದಲ, ಅನ್ನೆಕೆ ಜರ್ಮನ್‌ನಲ್ಲಿ ಮಾತಾಡುತ್ತಾರೆ, ಅರ್ನೆಸ್ಟೈನ್ ರೋಸ್ ಸಾಲುಸಾಲಾಗಿ ಇಂಗ್ಲಿಷಿಗೆ ತರುತ್ತಾರೆ, ಕೂಗಾಟ ಮಿತಿಮೀರಿದಾಗ ಗುಲಾಮಗಿರಿ ವಿರೋಧಿ ಭಾಷಣಕಾರ ವೆಂಡೆಲ್ ಫಿಲಿಪ್ಸ್ ಎದ್ದು ಸಭೆಯನ್ನು ತಣ್ಣಗಾಗಿಸಲು ನೋಡುತ್ತಾರೆ. ರೋಸ್ ಪೋಲೆಂಡಿನ ಯಹೂದಿ ಮನೆತನದವರು, ಜರ್ಮನ್ ಬಲ್ಲವರು. ಚಳವಳಿಯ ಇತಿಹಾಸ ಸಂಪುಟದಲ್ಲಿ ಇಂದು ಅನ್ನೆಕೆಯ ಭಾಷಣ ಎಂದು ಓದುವುದು ನಿಜಕ್ಕೆ ರೋಸ್ ಅವರ ಬಾಯಿಂದ, ಗದ್ದಲದ ನಡುವೆ, ಹೊರಬಂದ ಇಂಗ್ಲಿಷ್. ಅದನ್ನು ಮತ್ತೆ ಕನ್ನಡಕ್ಕೆ ತಂದು ಅನ್ನೆಕೆಯ ಶೈಲಿ ಹೀಗಿತ್ತು ಎಂದು ವಿಶ್ಲೇಷಿಸಿದರೆ ಗಾಳಿಗೆ ಗುದ್ದಿದ ಹಾಗೆ. 1876ರ ಮಹಿಳಾ ಹಕ್ಕುಗಳ ಘೋಷಣೆಯಲ್ಲಿ ಇಬ್ಬರ ಸಹಿಯೂ ಇದೆ, ಅಂದರೆ ಆ ನಂಟು ಒಂದು ಸಂಜೆಯದಲ್ಲ.

ಜಕ್ಷೆಫ್ಸ್ಕಾ ವಿಷಯದಲ್ಲೂ ಇದೇ. 1853ರಲ್ಲಿ ಬರ್ಲಿನ್ನಿನಿಂದ ಬಂದಾಗ ಇಂಗ್ಲಿಷ್ ಇರಲಿಲ್ಲ. ವೈದ್ಯೆ ಎಲಿಜಬೆತ್ ಬ್ಲ್ಯಾಕ್‌ವೆಲ್ ಇಂಗ್ಲಿಷ್ ಹೇಳಿಕೊಟ್ಟು ಕ್ಲೀವ್‌ಲ್ಯಾಂಡಿನ ವೈದ್ಯ ಕಾಲೇಜಿಗೆ ದಾರಿ ಮಾಡಿದರು. 1862ರಲ್ಲಿ ಬಾಸ್ಟನ್ನಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆ ಕಟ್ಟಿದವರು ಅವರೇ. ಮಹಿಳಾ ಹಕ್ಕುಗಳ ಪರ ನಿಂತ ಜರ್ಮನ್ ಸಂಪಾದಕ ಕಾರ್ಲ್ ಹೈನ್ಸೆನ್ ಕುಟುಂಬ ಬಾಸ್ಟನ್ನಿನಲ್ಲಿ ಅವರ ಮನೆಯಲ್ಲೇ ಇತ್ತು. ಅದೇ ಮನೆಯಿಂದ ಹೊರಟ ಬರಹವನ್ನು ಗಂಡಸಿನ ಖಾತೆಗೂ ಹೆಂಗಸಿನ ಖಾತೆಗೂ ಕಣ್ಣುಮುಚ್ಚಿ ಹಂಚಬೇಡಿ.

ಜ್ಯೂರಿಕ್ ಮನೆಯಲ್ಲಿ ಎರವಲು ಎರಡೂ ಕಡೆಯಿಂದ. ಗುಲಾಮಗಿರಿಯ ವಿರುದ್ಧದ ಕಥೆಗಳನ್ನು ಮಟಿಲ್ಡೆ ಬರೆಯುವಾಗ ಮೇರಿ ಜೊತೆಗಿದ್ದರು, ಜರ್ಮನ್ ಕವಿತೆಗಳನ್ನು ಮೇರಿ ಇಂಗ್ಲಿಷಿಗೆ ತರುವಾಗ ಮಟಿಲ್ಡೆ. ಮೇರಿ ಹೋದ ಮೇಲೆ ಮಟಿಲ್ಡೆ 1865ರಲ್ಲಿ ಇನ್ನೊಬ್ಬ ಗೆಳತಿ ಸೆಸಿಲಿಯೆ ಕಾಪ್ ಜೊತೆ ಮಿಲ್ವಾಕಿಗೆ ಬಂದು ಹುಡುಗಿಯರ ಶಾಲೆ ತೆರೆದರು. 1869ರ ಮೇಲೆ ಮತಾಧಿಕಾರ ಚಳವಳಿಯ ನಾಯಕಿಯರಾದ ಆಂಟನಿ, ಎಲಿಜಬೆತ್ ಸ್ಟ್ಯಾಂಟನ್ ಜೊತೆಗಿನ ವ್ಯವಹಾರವೆಲ್ಲ ನಡೆದದ್ದು ಆ ಶಾಲೆಯ ಕೆಲಸದ ನಡುವೆಯೇ.

ನುಡಿಗನ್ನಡಿ:

ಅನುವಾದಕ್ಕೆ ಬರೋಣ. ಜರ್ಮನ್‌ನಲ್ಲಿ 'ಡು' ಮತ್ತು 'ಝೀ' ಇವೆ, ನಮ್ಮಲ್ಲಿ ನೀನು, ನೀವು. ಇಂಗ್ಲಿಷ್ ಅನುವಾದ ಕಳೆದುಕೊಳ್ಳುವ ಒಂದು ಸಂಗತಿ ಕನ್ನಡಕ್ಕೆ ಪುಕ್ಕಟೆ ಸಿಗುತ್ತದೆ ಎಂದು ಹಿಗ್ಗಬೇಡಿ, ಎರಡೂ ಜೋಡಿ ಒಂದೇ ಅಳತೆಯವಲ್ಲ. ಅಲ್ಲಿ 'ಡು'ಗೆ ಬರುವುದೆಂದರೆ ಇಬ್ಬರೂ ಒಪ್ಪಿ ದಾಟುವ ಹೊಸಿಲು, ದಾಟಿದ ಮೇಲೆ ಇಬ್ಬರೂ 'ಡು'. ನಮ್ಮಲ್ಲಿ ಒಬ್ಬರು ನೀನು ಎಂದು ಇನ್ನೊಬ್ಬರು ನೀವು ಎನ್ನುವುದು ಸಹಜ, ವಯಸ್ಸು ನೋಡಿ ಹಾಗೆ ಮಾಡಿಬಿಡುವ ಆಸೆಯೂ ಬರುತ್ತದೆ. ಮಟಿಲ್ಡೆ ಹಿರಿಯರು, ಮೇರಿ ಅವರಿಗೆ ನೀವು ಅನ್ನಲಿ ಎಂದು. ಮಾಡಬೇಡಿ. ಮೇರಿ ಹೆಚ್ಚಾಗಿ ಬರೆದದ್ದು ಇಂಗ್ಲಿಷಿನಲ್ಲಿ, ಅಲ್ಲಿ ಸುಳಿವೇ ಇರುವುದಿಲ್ಲ. ಮಟಿಲ್ಡೆಯ ಜರ್ಮನ್ ಪತ್ರದಲ್ಲಿ 'ಡು' ಇದ್ದರೆ ಎರಡೂ ಕಡೆ ನೀನು ಹಾಕಿ. ಆಂಟನಿ, ಸ್ಟ್ಯಾಂಟನ್ ಪತ್ರಗಳಿಗೆ ಎರಡೂ ಕಡೆ ನೀವು. ಗೆಳತಿಯನ್ನು 'ಅಕ್ಕ', 'ತಂಗಿ' ಮಾಡುವುದೂ ಬೇಡ. ಜರ್ಮನ್‌ನಲ್ಲಿ 'ಶ್ವೆಸ್ಟರ್' ಎಂದಿದ್ದರೆ ಹಿರಿ-ಕಿರಿ ಗೊತ್ತಾಗುವುದಿಲ್ಲ, "ಸೋದರಿ" ಸಾಕು, ಕೃತಕವೆನಿಸಿದರೂ.

ಗೆಳೆತನವೋ ಪ್ರೇಮವೋ? ಆ ಶತಮಾನದಲ್ಲಿ ಹೆಂಗಸರು ಗೆಳತಿಯರಿಗೆ ಬರೆಯುವಾಗ ಉಕ್ಕುವ ಮಾತು ಬಳಸುತ್ತಿದ್ದದ್ದು ಸಾಮಾನ್ಯ, ಅಷ್ಟರಿಂದಲೇ ಏನೂ ತೀರ್ಮಾನವಾಗದು. ಆದರೆ ಇವರಿಬ್ಬರು ಒಂದೇ ಮನೆ ಮಾಡಿಕೊಂಡು, ಗಂಡಂದಿರಿಂದ ದೂರ, ವರ್ಷಗಟ್ಟಲೆ ಬಾಳಿದರು. ಇತ್ತೀಚಿನ ಇತಿಹಾಸಕಾರರು ಪ್ರೇಮ ಎನ್ನಲು ಹಿಂಜರಿಯುವುದಿಲ್ಲ. ನನ್ನ ಪ್ರಕಾರ ಹೆಸರಿಡುವ ಕೆಲಸ ಲೇಖನದಲ್ಲಿ ಮಾಡಿ, ಅನುವಾದದಲ್ಲಿ ಬೇಡ. 'ಲೀಬೆ' (ಪ್ರೀತಿ) ಬಂದಲ್ಲೆಲ್ಲ ಅಂಜಿ "ಅಕ್ಕರೆ" ಮಾಡುವುದು ಒಂದು ತಪ್ಪು, ಬರೀ ಸಂಬೋಧನೆಯ 'ಲೀಬೆ'ಯನ್ನೂ "ಪ್ರೇಯಸಿ" ಮಾಡುವುದು ಇನ್ನೊಂದು. ಸಂಬೋಧನೆಯಲ್ಲಿ ಅದು ಪ್ರೀತಿಯ, ಅಷ್ಟೇ.

ಇನ್ನೆರಡು ಪದ. 1847ರ ಕರಪತ್ರದ ಶೀರ್ಷಿಕೆಯಲ್ಲಿ ಅನ್ನೆಕೆ ಬಳಸಿದ್ದು 'ವೈಬ್', 1848 ಮತ್ತು 1852ರ ಪತ್ರಿಕೆಗಳ ಹೆಸರಿನಲ್ಲಿ 'ಫ್ರೌಎನ್'. ಮೊದಲನೆಯದಕ್ಕೆ ಹೆಣ್ಣು, ಎರಡನೆಯದಕ್ಕೆ ಮಹಿಳೆ ಎಂದು ಬೇರೆ ಇಡಿ. ಎರಡಕ್ಕೂ ಸ್ತ್ರೀ ಎಂದರೆ ವ್ಯತ್ಯಾಸ ಸಾಯುತ್ತದೆ. 'ಶ್ಟಿಮ್ಮೆ' ಎಂದರೆ ದನಿಯೂ ಹೌದು, ಓಟೂ ಹೌದು; ಆ ಶ್ಲೇಷೆ ನಮ್ಮಲ್ಲಿಲ್ಲ. ಬದಲಿಗೆ ನಮ್ಮ 'ಮತ'ಕ್ಕೆ ಧರ್ಮದ ಅರ್ಥ ಅಂಟಿಕೊಂಡಿದೆ. ಪಾದ್ರಿಗಳನ್ನು ಕಂಡರಾಗದ ಮುಕ್ತಚಿಂತಕಿ ಅನ್ನೆಕೆಯ ಬಾಯಲ್ಲಿ "ನನಗೆ ಮತ ಬೇಕು" ಎಂದು ಹಾಕಿಸಿದರೆ ಓದುಗ ಬೆಚ್ಚುತ್ತಾನೆ. ಅಂಥ ಕಡೆ ಓಟು ಎಂದೇ ಬರೆಯಿರಿ.

ಹಳೇಓಲೆ:

ಇಷ್ಟು ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ಋಣಿ. ಒಂದು ಉಳಿಯಿತು. ಜರ್ಮನ್ ಸಮುದಾಯದ ಗಂಡಸರು ಮತಾಧಿಕಾರಕ್ಕೆ ಅಷ್ಟು ವಿರೋಧ ಏಕೆ? ಗುಲಾಮಗಿರಿ ವಿರೋಧಿಸಿದ ಉದಾರವಾದಿಗಳೂ ಇದ್ದರಲ್ಲ.

ಕಡತಗುಬ್ಬಿ:

ಬಿಯರ್. ನಗೆಯಾಡುತ್ತಿಲ್ಲ. ಮತಾಧಿಕಾರ ಕೇಳುವ ಅಮೆರಿಕನ್ ಹೆಂಗಸರಲ್ಲಿ ಅನೇಕರು ಪಾನನಿರೋಧದವರೂ ಆಗಿದ್ದರು. 1872ರಲ್ಲಿ ವಿಸ್ಕಾನ್ಸಿನ್ನಿನ ಗ್ರಹಾಂ ಕಾನೂನು ಹೆಂಡದಂಗಡಿಯವರಿಂದ 2,000 ಡಾಲರಿನ ಬಾಂಡ್ ಕೇಳಿತು, ಜರ್ಮನ್ ಮತದಾರರು ಸಿಡಿದೆದ್ದರು. ಹೆಂಗಸರಿಗೆ ಓಟು ಕೊಟ್ಟರೆ ಭಾನುವಾರದ ಬಿಯರ್ ತೋಟ ಮುಚ್ಚುತ್ತದೆ ಎಂಬ ಭಯವನ್ನು ಯಾವ ವಾದವೂ ಅಲ್ಲಾಡಿಸಲಿಲ್ಲ. 1882ರ ನೆಬ್ರಾಸ್ಕಾ ಪ್ರಚಾರದಲ್ಲಿ ಕ್ಲಾರಾ ನೈಮನ್ ಜರ್ಮನ್‌ನಲ್ಲಿ ಭಾಷಣ ಮಾಡುತ್ತ ತಿರುಗಿದರೂ ಹೆಂಗಸರಿಗೆ ಓಟು ಕೊಡುವ ತಿದ್ದುಪಡಿ ಸೋತಿತು. ಅಂದಹಾಗೆ ಅನ್ನೆಕೆಯ ಮಗ ಪರ್ಸಿ 1880ರ ದಶಕದಲ್ಲಿ ಡುಲೂತ್‌ನ ಬಿಯರ್ ಕಾರ್ಖಾನೆಯೊಂದರ ಪಾಲುದಾರನಾದ.

ಅದಕ್ಕೂ ಮುಂಚೆ, ಕಸುಬಿನ ಜಗಳ. 1852ರಲ್ಲಿ ಅನ್ನೆಕೆ ಮಿಲ್ವಾಕಿಯಲ್ಲಿ ಮಹಿಳಾ ಪತ್ರಿಕೆ ಶುರುಮಾಡಿ ಅಚ್ಚಿನ ಮೊಳೆ ಜೋಡಿಸುವುದಕ್ಕೆ ಹೆಂಗಸರನ್ನು ಇಟ್ಟುಕೊಂಡಾಗ ಜರ್ಮನ್ ಮುದ್ರಣ ಕೆಲಸಗಾರರೇ ಗುಂಪುಕಟ್ಟಿ ವಿರೋಧಿಸಿದರು. ಪತ್ರಿಕೆ ಪೂರ್ವ ತೀರಕ್ಕೆ ಹೋಗಬೇಕಾಯಿತು.

ಅಂಚೆಮುದ್ರೆ:

ಇನ್ನೊಂದು ಮಗ್ಗುಲು ಬಿಡಬೇಡಿ. ವಿಸ್ಕಾನ್ಸಿನ್ನಿನ 1848ರ ಸಂವಿಧಾನದ ಪ್ರಕಾರ ಪೌರತ್ವ ಪಡೆಯುವ ಇಚ್ಛೆ ಘೋಷಿಸಿ ಒಂದು ವರ್ಷ ವಾಸವಿದ್ದ ಬಿಳಿಯ ವಲಸಿಗ ಗಂಡಸು ಪೂರ್ತಿ ಪ್ರಜೆಯಾಗುವ ಮೊದಲೇ ಓಟು ಹಾಕಬಹುದಿತ್ತು. ಅಲ್ಲೇ ಹುಟ್ಟಿದ ಹೆಂಗಸಿಗೆ ಓಟಿಲ್ಲ. ಆ ಉರಿ ಸ್ಟ್ಯಾಂಟನ್ ಮಾತಿನಲ್ಲಿ 1869ರಲ್ಲಿ ಹೊರಬಿತ್ತು, ಓದುಬರಹ ಬಾರದ ಮತದಾರರನ್ನು ಹೀಗಳೆಯುವಾಗ ಅವರು ಎಣಿಸಿದ ಹೆಸರುಗಳಲ್ಲಿ ಜರ್ಮನ್ನರ 'ಹ್ಯಾನ್ಸ್' ಕೂಡ ಇದ್ದ. ಅನ್ನೆಕೆ ಸೇರಿಕೊಂಡದ್ದು ಅದೇ ವರ್ಷ ಹುಟ್ಟಿದ ಸ್ಟ್ಯಾಂಟನ್–ಆಂಟನಿ ಸಂಘವನ್ನು. ಹಾಗಾಗಿ 1869ರ ಮೇಲಿನ ಪತ್ರಗಳನ್ನು ಅನುವಾದಿಸುವಾಗ 'ನಾವು', 'ನಮ್ಮವರು' ಬಂದಲ್ಲೆಲ್ಲ ನಿಲ್ಲಿ: ಜರ್ಮನ್ನರೋ, ಹೆಂಗಸರೋ? ಸಾಲಿನ ಸುತ್ತಲಿನ ಮಾತು ನೋಡಿ ತೀರ್ಮಾನಿಸಿ, ತಿಳಿಯದಿದ್ದರೆ ನಾವು ಎಂದೇ ಬಿಡಿ.